ತಿಪ್ಪೆಗೆ ಮೆಟಾರೈಜಿಯಂ ಹಾಕೋ ಮುಂಚೆ ನನ್ನ ಪೆದ್ದುತನ ಓದಿ

ತೆಂಗಿನ ಸಸಿ ಇಟ್ಟವರಿಗೆ ಇದನ್ನು ಹೇಳಲೇಬೇಕು. ತಿಪಟೂರು ಕಡೆಯ ನಮ್ಮ ತೋಟದಲ್ಲಿ ಮೂರು ವರ್ಷದ ನಲವತ್ತು ಸಸಿ ಇದ್ದವು. ಕಳೆದ ಮುಂಗಾರಿನಲ್ಲಿ ಹನ್ನೊಂದರ ಸುಳಿ ಹೋಯಿತು. ಹೊಸ ಗರಿ ಬಿಚ್ಚಿಕೊಂಡರೆ ಕತ್ತರಿ ಆಡಿಸಿದ ಹಾಗೆ. ಸುಳಿ ಬುಡದ ತೂತಿನಲ್ಲಿ ಅಗಿದ ನಾರು. ಕೊಕ್ಕೆ ಕಂಬಿ ಹಾಕಿ ಎಳೆದರೆ ಕೊಂಬಿನ ಕಪ್ಪು ದುಂಬಿ.

ದುಂಬಿ ಹುಟ್ಟೋದು ನಮ್ಮದೇ ತಿಪ್ಪೆಯಲ್ಲಿ. ಅದರ ಗೊಣ್ಣೆಹುಳು ತಿಂಗಳುಗಟ್ಟಲೆ ಅಲ್ಲೇ ಗೊಬ್ಬರ ತಿಂದು ಕೊಬ್ಬುತ್ತದೆ. ಅದಕ್ಕೇ ಮೆಟಾರೈಜಿಯಂ ಅನ್ನೋ ಹಸಿರು ಶಿಲೀಂಧ್ರವನ್ನು ತಿಪ್ಪೆಗೇ ಹಾಕಿ ಅಂತ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐನವರು ಹೇಳೋದು. ನಾನೂ ಬೇಸಿಗೆಯಲ್ಲೇ ಹಾಕಿ ನಿಶ್ಚಿಂತೆಯಿಂದ ಇದ್ದೆ.

ಹಾಕಿದ್ದು ಹೇಗೆ ಕೇಳಿ. ಅಂಗಡಿಯಲ್ಲಿ ನೇರ ಬಿಸಿಲು ಬೀಳೋ ಕಡೆ ಆ ಪೊಟ್ಟಣಗಳನ್ನು ಜೋಡಿಸಿದ್ದರು. ಅವಧಿ ಮುಗಿಯೋಕೆ ಇನ್ನೂ ನಾಲ್ಕು ತಿಂಗಳಿತ್ತು, ನಾನು ಅಷ್ಟೇ ನೋಡಿದ್ದು. ತಂದು ಪಂಪ್‌ಮನೆಯ ತಗಡಿನ ಶೀಟಿನ ಕೆಳಗೆ ಇಪ್ಪತ್ತು ದಿನ ಇಟ್ಟೆ. ಏಪ್ರಿಲ್ ಬೇರೆ! ಹಾಕುವ ದಿನ ಅಂಗಡಿಗೆ ಫೋನ್ ಮಾಡಿದೆ. "ಸುಳಿಕೊಳೆಗೆ ಹೊಡೆಯೋ ತಾಮ್ರದ ಔಷಧಿನೂ ಅದೇ ಟ್ಯಾಂಕಿಗೆ ಹಾಕ್ಬಿಡಿ ಅಣ್ಣ, ಒಂದೇ ಕೂಲೀಲಿ ಮುಗಿಯುತ್ತೆ" ಅಂದರು. ಶಿಲೀಂಧ್ರ ಕೊಲ್ಲೋ ಔಷಧಿಗೆ ಶಿಲೀಂಧ್ರವನ್ನೇ ಕಲಸಿದೆ! ಆಗ ಒಂದು ಆಳಿನ ಕೂಲಿ ಉಳೀತು ಅಂತ ಖುಷಿ ಬೇರೆ. ಅದನ್ನೂ ಮಟಮಟ ಮಧ್ಯಾಹ್ನ, ಒಣಗಿದ ತಿಪ್ಪೆಯ ಮೇಲೆ ಸುಮ್ನೆ ಚಿಮುಕಿಸಿದ್ದು. ಹುಳು ಇದ್ದದ್ದು ಒಂದಡಿ ಕೆಳಗೆ.

ಪೊಟ್ಟಣದಲ್ಲಿರೋದು ಜೀವ ಇರೋ ಬೀಜಕಣ. ಹುಳುವಿನ ಚರ್ಮಕ್ಕೆ ಅಂಟಿ, ತೇವ ಸಿಕ್ಕರೆ ಮೊಳೆತು, ಒಳಗೆ ಕೊರೆದುಕೊಂಡು ಹೋಗಿ ಕೊಲ್ಲುತ್ತದೆ. ಬಿಸಿಲಿಗಿಟ್ಟರೆ ಮೊದಲು ಅದೇ ಸಾಯುತ್ತದೆ. ಲೇಬಲ್ ಮೇಲಿನ ದೊಡ್ಡ ಸಂಖ್ಯೆ, ಅಂದರೆ ಬೀಜಕಣಗಳ ಲೆಕ್ಕ, ತಯಾರಾದ ದಿನದ್ದು, ನಾವು ಕೊಂಡ ದಿನದ್ದಲ್ಲ. ಶಿಲೀಂಧ್ರವನ್ನು ಬೈದು ಪ್ರಯೋಜನ ಇಲ್ಲ. 1879ರಷ್ಟು ಹಿಂದೆಯೇ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಗೋಧಿ ದುಂಬಿಯ ಮೇಲೆ ಇದನ್ನು ಪ್ರಯೋಗ ಮಾಡಿದ್ದರು. ಕೆಟ್ಟದ್ದು ಅಂಗಡಿಯವರ ಕೈಯಲ್ಲಿ, ಆಮೇಲೆ ನನ್ನ ಕೈಯಲ್ಲಿ.

ಈ ಸಲ ತಯಾರಿಸುವ ಲ್ಯಾಬಿನಿಂದಲೇ ತಂದೆ, ತಾರೀಖು ನೋಡಿ. ಮನೆಯೊಳಗೆ ತಂಪಲ್ಲಿಟ್ಟೆ. ತಾಮ್ರದ ಔಷಧಿಗೆ ಬೇರೆ ದಿನ, ಬೇರೆ ಟ್ಯಾಂಕು. ತಿಪ್ಪೆಗೆ ನೀರು ಬಿಟ್ಟು, ಸಂಜೆ ಹೊತ್ತು, ಗುದ್ದಲಿಯಲ್ಲಿ ಅಡಿಮೇಲು ಮಾಡುತ್ತಾ ಹಾಕಿದೆ. ಆದರೆ ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ. ಎರಡು ಬಕೆಟ್ಟಿಗೆ ಒದ್ದೆ ಗೊಬ್ಬರ ಹಾಕಿ, ಒಂದೊಂದರಲ್ಲಿ ಐದೈದು ಗೊಣ್ಣೆಹುಳು ಬಿಟ್ಟೆ. ಒಂದಕ್ಕೆ ಹೊಸ ಪುಡಿ, ಇನ್ನೊಂದಕ್ಕೆ ಪಂಪ್‌ಮನೆಯಲ್ಲಿ ಮಿಕ್ಕಿದ್ದ ಹಳೇದು.

ಹದಿನೈದು ದಿನಕ್ಕೆ ಹೊಸ ಪುಡಿಯ ಬಕೆಟ್ಟಿನಲ್ಲಿ ನಾಲ್ಕು ಹುಳು ಸೆಟೆದುಕೊಂಡಿದ್ದವು. ಮೊದಲು ಬಿಳಿ ಬೂಷ್ಟು, ಆಮೇಲೆ ಪಾಚಿ ಬಳಿದ ಹಾಗೆ ಹಸಿರು. ಹಳೇ ಪುಡಿಯವು ಐದೂ ಇನ್ನಷ್ಟು ದಪ್ಪ ಆಗಿದ್ದವು. ಕೋಳಿಗೆ ಹಾಕಿದೆ.