ತೋಟದ ಮ್ಯಾನೇಜರುಗಳಿಗೆ ಕೆಲಸ ಹುಡುಕಿಕೊಡುವ ಮೈಸೂರಿನ ಕನ್ಸಲ್ಟೆಂಟ್: ನಾನು ಕಂಡಂತೆ

ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪ ಕಡೆ ವರ್ಷಗಟ್ಟಲೆ ಎಸ್ಟೇಟ್ ಮ್ಯಾನೇಜರ್ ಆಗಿದ್ದು, ಐವತ್ತರ ಆಸುಪಾಸಿನಲ್ಲಿ ಬೇರೆ ಕೆಲಸ ನೋಡಬೇಕಾಗಿ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥವರು ಈಗ ನಮ್ಮಲ್ಲಿ ಕಡಿಮೆಯಿಲ್ಲ. ನಾನಿದ್ದ ತೋಟದ ಮಾಲೀಕರು ಮೂರು ಡಿವಿಜನ್ (ತೋಟದ ವಿಭಾಗ) ಸೇರಿಸಿ ಒಬ್ಬನೇ ಮ್ಯಾನೇಜರ್ ಸಾಕು ಎಂದರು. ಆ ಒಬ್ಬ ನಾನಾಗಿರಲಿಲ್ಲ. ಆಗ ನನಗೆ ಒಳ್ಳೆಯದು ಮಾಡಿದ್ದು ಮೈಸೂರಿನ ಕುವೆಂಪುನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಆಫೀಸಿಟ್ಟುಕೊಂಡು, ಕಾಫಿ, ಟೀ, ಸಾಂಬಾರ ಪದಾರ್ಥಗಳ ಕಂಪನಿಗಳಿಗೆ ಹಿರಿಯ ಹುದ್ದೆಗಳ ಜನರನ್ನು ಹುಡುಕಿಕೊಡುವ ಒಬ್ಬ ಮೇಡಂ. ಬಾಯಿಮಾತಿನಲ್ಲಿ ಬಂದವರನ್ನು ಮಾತ್ರ ತೆಗೆದುಕೊಳ್ಳುವುದರಿಂದ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರು ಕೆಲಸ ಮಾಡುವ ರೀತಿ ತಿಳಿದುಕೊಂಡರೆ ಬೇರೆ ಯಾರ ಬಳಿ ಹೋದರೂ ನಿಮಗೆ ಅಳತೆ ಸಿಗುತ್ತದೆ.

ಮೊದಲು ಮಾರುಕಟ್ಟೆಯ ಮಾತು. ಹಿಂದೆ ತೋಟ ಬದಲಾಯಿಸಬೇಕೆಂದರೆ ಕ್ಲಬ್ಬಿನಲ್ಲಿ ಇಬ್ಬರ ಕಿವಿಗೆ ಹಾಕಿದರೆ ಸಾಕಿತ್ತು. ಆ ಕಾಲ ಹೋಯಿತು. ಪಾಲಿಬೆಟ್ಟದ ಟಾಟಾ ಕಾಫಿಯೇ 2024ರ ಜನವರಿಯಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ವಿಲೀನವಾಯಿತು. ಎಲ್ಲಿ ನೋಡಿದರೂ ನಿರ್ಧಾರಗಳು ತೋಟದ ಬಂಗಲೆಯಿಂದ ದೂರದ ಆಫೀಸುಗಳಿಗೆ ಹೋಗುತ್ತಿವೆ. ಇನ್ನೊಂದು ಕಡೆ, ಹೊಸ ಕೆಲಸಗಳೂ ಹುಟ್ಟಿವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಯಾವ ಜಾಗದಲ್ಲಿ ಬೆಳೆದದ್ದು ಎಂಬುದನ್ನು ನಕ್ಷೆಯ ಮೇಲೆ ತೋರಿಸಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗಿದ್ದರೂ ರಫ್ತುದಾರರು ತಯಾರಿ ಬಿಟ್ಟಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುವಂಥದ್ದು, ಅದರಲ್ಲಿ ಯುರೋಪ್ ದೊಡ್ಡ ಗಿರಾಕಿ. ಹಾಗಾಗಿ ಬೆಳೆಗಾರನ ಭಾಷೆಯೂ ಗೊತ್ತಿದ್ದು, ಆಡಿಟರ್ ಮುಂದೆ ದಾಖಲೆ ಇಟ್ಟು ಮಾತಾಡಲೂ ಬರುವ ಜನ ಬೇಕಾಗಿದ್ದಾರೆ. ಮ್ಯಾನೇಜರುಗಳಲ್ಲಿ ಬಹಳ ಜನಕ್ಕೆ ಈ ಎರಡೂ ಬರುತ್ತದೆ. ಆದರೆ ಅವರ ರೆಸ್ಯೂಮೆಯಲ್ಲಿ ಅದು ಕಾಣುವುದಿಲ್ಲ.

ಮೇಡಂ ಬಳಿ ಹೋಗುವ ಮೊದಲು ಬೆಂಗಳೂರಿನ ಒಂದು ಸಂಸ್ಥೆಯಿಂದ ನನಗೆ ಮೇಲಿಂದ ಮೇಲೆ ಫೋನ್ ಬರುತ್ತಿತ್ತು. ‘ಎಲ್ಲೂ ಪ್ರಕಟವಾಗದ ದೊಡ್ಡ ಹುದ್ದೆಗಳ ಪಟ್ಟಿ ನಮ್ಮಲ್ಲಿದೆ, ಎಕ್ಸಿಕ್ಯೂಟಿವ್ ಪ್ರೊಫೈಲ್ ಮಾಡಿಸಿಕೊಳ್ಳಿ’ ಎಂದು ಮುಂಗಡ ಹಣ ಕೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಕಂಪನಿ ನಿಮಗೆ ಈ ಕೆಲಸ ಒಪ್ಪಿಸಿದೆ?’ ಉತ್ತರ ಬರಲಿಲ್ಲ, ಹಣ ಕೊಡಲಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಕೆಲಸ ಹುಡುಕುವವನ ಜೇಬಿಗೆ ಕೈ ಹಾಕುವವರು ರಿಕ್ರೂಟರ್ ಅಲ್ಲ.

ಮೇಡಂ ಮೊದಲ ಭೇಟಿಯಲ್ಲೇ ತಮ್ಮ ದುಡ್ಡಿನ ಲೆಕ್ಕ ಬಿಚ್ಚಿಟ್ಟರು. ಅವರ ಫೀಸು ಕೊಡುವುದು ಕಂಪನಿ. ಸೇರಿದವರ ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ಮೂರು ತಿಂಗಳೊಳಗೆ ಆ ವ್ಯಕ್ತಿ ಬಿಟ್ಟುಹೋದರೆ ಇನ್ನೊಬ್ಬರನ್ನು ಪುಕ್ಕಟೆ ಹುಡುಕಿಕೊಡಬೇಕು. ಕಾರ್ನ್ ಫೆರ್ರಿಯಂಥ ದೊಡ್ಡ ಸಂಸ್ಥೆಗಳ ದಾರಿ ಬೇರೆ. ಅವು ಸಿಇಒ ಮಟ್ಟದ ಹುದ್ದೆಗಳಿಗೆ ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗದಷ್ಟು ಪಡೆಯುತ್ತವೆ, ಹುಡುಕಾಟ ಶುರುವಾಗುವಾಗಲೇ ಒಂದು ಕಂತು ಕಟ್ಟಿಸಿಕೊಳ್ಳುತ್ತವೆ. ‘ನಾನು ಕಂಪನಿಯ ಪರ, ಸರ್. ನಿಮಗೆ ಸುಳ್ಳು ಹೇಳುವುದಿಲ್ಲ, ಅಷ್ಟೇ ನನ್ನ ಭರವಸೆ’ ಎಂದರು ಮೇಡಂ. ಅಷ್ಟು ನೇರವಾಗಿ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲಿನ ಮಾತುಕತೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಸಂಬಳ, ಬಂಗಲೆ, ಜೀಪು ಎಂದು ಶುರು ಮಾಡಿದ್ದೆ. ಅವರು ಕೈ ಅಡ್ಡ ಹಿಡಿದು, ‘ಅದು ಆಮೇಲೆ ಸರ್. ಜನವರಿಯಲ್ಲಿ ಹಣ್ಣು ಕುಯ್ಯೋಕೆ ಆಳು ಸಿಗದಿದ್ದಾಗ ಏನು ಮಾಡ್ತಿದ್ರಿ, ಅದನ್ನ ಹೇಳಿ’ ಎಂದರು. ಹೇಳುತ್ತ ಹೋದೆ. ಅಸ್ಸಾಮಿನಿಂದ ಬರುವ ತಂಡದ ಮೇಸ್ತ್ರಿಗೆ ಅಕ್ಟೋಬರಿನಲ್ಲೇ ಫೋನ್ ಮಾಡುತ್ತಿದ್ದೆ. ಅವರು ಬರುವ ಮೊದಲೇ ಲೈನ್ ಮನೆಗಳ ಸೂರು, ನೀರಿನ ಪೈಪು, ಕಕ್ಕಸು ರಿಪೇರಿ ಮಾಡಿಸಿಡುತ್ತಿದ್ದೆ. ಕೊಯ್ದ ಹಣ್ಣನ್ನು ಸಂಜೆ ಕಣದಲ್ಲಿ ತೂಗುವ ಬದಲು ತೋಟದಲ್ಲೇ ತೂಗಿಸಿ ಚೀಟಿ ಕೊಡಿಸುತ್ತಿದ್ದೆ, ಜಗಳ ನಿಂತಿತು. ಆನೆ ಇಳಿದ ದಿನ ಯಾವ ಬ್ಲಾಕಿಗೆ ಜನ ಹೋಗಬಾರದೆಂದು ಬೆಳಿಗ್ಗೆ ಆರಕ್ಕೇ ರೈಟರ್ (ತೋಟದ ಗುಮಾಸ್ತ) ಮೂಲಕ ಸುದ್ದಿ ಮುಟ್ಟಿಸುತ್ತಿದ್ದೆ. ಮೇಡಂ ಒಂದೊಂದನ್ನೂ ಬರೆದುಕೊಂಡರು. ನನ್ನ ಹಳೆ ರೆಸ್ಯೂಮೆಯಲ್ಲಿ ‘ತೋಟದ ಸಮಗ್ರ ಉಸ್ತುವಾರಿ’ ಎಂದಿದ್ದ ಸಾಲಿನ ಜಾಗಕ್ಕೆ ಹೀಗೆ ಬಂತು: ‘640 ಏಕರೆ ರೋಬಸ್ಟಾ, ಕರಿಮೆಣಸು, ಕೊಯ್ಲಿನ ಕಾಲದಲ್ಲಿ 220 ಕಾರ್ಮಿಕರು, ರೈನ್‌ಫಾರೆಸ್ಟ್ ಅಲಯನ್ಸ್ ಆಡಿಟ್‌ಗಳ ಪೂರ್ತಿ ಜವಾಬ್ದಾರಿ.’ (ಈ ಅಲಯನ್ಸ್ ತೋಟಗಳಿಗೆ ಪರಿಸರ, ಕಾರ್ಮಿಕ ಮಾನದಂಡಗಳ ಪ್ರಮಾಣೀಕರಣ ನಡೆಸುವ ಸಂಸ್ಥೆ.) ಕಂಪ್ಯೂಟರಿನಲ್ಲಿ ಅರ್ಜಿ ಸೋಸುವ ಕಡೆ ಹುದ್ದೆಯ ಜಾಹೀರಾತಿನಲ್ಲಿರುವ ಮಾತುಗಳೇ ರೆಸ್ಯೂಮೆಯಲ್ಲೂ ಇರಬೇಕು, ಚೌಕ ಹಾಕಿದ ಕೋಷ್ಟಕ, ಫೋಟೊ ಬೇಡ ಎಂದೂ ತಿದ್ದಿಸಿದರು. ಇದಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಮೊದಲು ಕಳಿಸಿದ ಕಂಪನಿಯಲ್ಲಿ ನನಗೆ ಆಗಲಿಲ್ಲ. ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುವುದು ಇಲ್ಲೇ. ಸಂದರ್ಶನ ಮುಗಿದ ಮೇಲೆ ಬಹುತೇಕ ಏಜೆನ್ಸಿಗಳು ಮಾಯವಾಗುತ್ತವೆ. ಮೆಸೇಜಿಗೆ ಎರಡು ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಮುಖ ನೋಡುತ್ತಿರುವಾಗ ಆ ಮೌನ ಎಷ್ಟು ಹಿಂಸೆ ಎಂಬುದು ಅನುಭವಿಸಿದವರಿಗೇ ಗೊತ್ತು. ಮೇಡಂ ತಾವೇ ಫೋನ್ ಮಾಡಿದರು. ‘ಅವರಿಗೆ ವಿದೇಶಿ ಖರೀದಿದಾರರ ಜೊತೆ ವ್ಯವಹರಿಸಿದವರೇ ಬೇಕಂತೆ. ನಿಮ್ಮ ವಯಸ್ಸು ಕಾರಣ ಅಲ್ಲ, ಅದನ್ನು ನಾನು ಕೇಳಿ ತಿಳಿದುಕೊಂಡೆ’ ಎಂದರು. ಆಮೇಲೆ ಸಿಕ್ಕಿದ್ದು ಕುಶಾಲನಗರದ ಒಂದು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ) ಮತ್ತು ರಫ್ತು ಘಟಕದಲ್ಲಿ ಕೆಲಸ. ಸಣ್ಣ ಬೆಳೆಗಾರರಿಂದ ಕಾಫಿ ಕೊಳ್ಳುವುದು, ಅವರ ತೋಟಗಳ ನಕ್ಷೆ, ದಾಖಲೆ ಎಲ್ಲ ನನ್ನ ಮೇಲ್ವಿಚಾರಣೆಯಲ್ಲಿ. ಸಂಬಳ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು. ಬಂಗಲೆ ಇಲ್ಲ.

ಕೊರತೆಗಳೂ ಇವೆ. ಮೇಡಂ ಒಬ್ಬರೇ ಇರುವುದರಿಂದ ಎಲ್ಲ ನಿಧಾನ. ಅವಸರದಲ್ಲಿರುವವರು ಲಿಂಕ್ಡ್‌ಇನ್, ನೌಕ್ರಿ ಎರಡರಲ್ಲೂ ಪ್ರೊಫೈಲ್ ಸರಿ ಮಾಡಿಟ್ಟುಕೊಂಡು ಜೊತೆಜೊತೆಗೇ ಹುಡುಕುವುದು ಒಳ್ಳೆಯದು. ರೆಸಾರ್ಟ್, ಹೋಟೆಲ್ ಹುದ್ದೆಗಳಿಗೆ ಅವರಲ್ಲಿ ಸಂಪರ್ಕವಿಲ್ಲ. ಬಂಗಲೆ ಬಿಡುವಾಗ ಮನೆ ಬಾಡಿಗೆ, ಮಕ್ಕಳ ಶಾಲೆ, ಸಾಮಾನು ಸಾಗಣೆ ಇವೆಲ್ಲ ಎಷ್ಟು ದೊಡ್ಡ ಖರ್ಚು ಎಂಬುದು ಅವರ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ಕಂಪನಿ ಜೊತೆ ನಾನೇ ಕೂತು ಮಾತಾಡಬೇಕಾಯಿತು. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದು ಹೇಳುವ ಮೊತ್ತದಲ್ಲಿ ಪಿಎಫ್, ಗ್ರಾಚ್ಯುಟಿ, ಬೋನಸ್ ಎಲ್ಲ ಸೇರಿರುತ್ತದೆ, ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಬರೆಸಿಕೊಳ್ಳಿ.

ಆಫ್ರಿಕಾದ ತೋಟಗಳಿಗೆ ಕಳಿಸುವುದಾಗಿ ಹೇಳಿಕೊಂಡು ಬರುವವರ ಬಗ್ಗೆಯೂ ಒಂದು ಮಾತು. ಮೇಡಂ ಆ ಕೆಲಸ ಮಾಡುವುದಿಲ್ಲ, ಆದರೆ ಕೇಳಿದಾಗ ಸರಿಯಾದ ದಾರಿ ಹೇಳಿದರು. ವಿದೇಶಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಹೆಸರು ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗಬೇಕು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದವರಿಗೆ ಪಾಸ್‌ಪೋರ್ಟಿನ ಜೆರಾಕ್ಸನ್ನೂ ಕೊಡಬೇಡಿ.

ಮೇಡಂ ಹತ್ತಿರ ಹೋಗಬೇಕೆನ್ನುವವರು ಅವರ ಮೂಲಕ ಸೇರಿದ ಯಾರನ್ನಾದರೂ ಹಿಡಿಯಬೇಕು. ನನ್ನ ಪರಿಚಯದವರಾದರೆ ನಾನೇ ಮಾತಾಡಿಸಿಕೊಡುತ್ತೇನೆ. ಹೋಗುವಾಗ ಹಿಂದಿನ ಕೆಲವು ವರ್ಷಗಳ ಫಸಲಿನ ಲೆಕ್ಕ, ಆಡಿಟ್ ವರದಿ, ಬಿಡುಗಡೆ ಪತ್ರ ಕೈಯಲ್ಲಿರಲಿ. ನೋಟಿಸ್ ಪೀರಿಯಡ್ ಮೂರು ತಿಂಗಳಿದ್ದರೆ ಮೊದಲೇ ಹೇಳಿಬಿಡಿ, ಅದನ್ನು ಮುಚ್ಚಿಟ್ಟವರ ಫೈಲನ್ನು ಅವರು ಮತ್ತೆ ತೆರೆಯುವುದಿಲ್ಲ.