ಬಾಗಿಲಿಗೆ ಚಿಲಕ ಹಾಕದ ಮನೆ: ‘ಹಂಟ್ ಫಾರ್ ದ ವೈಲ್ಡರ್‌ಪೀಪಲ್’

ನ್ಯೂಜಿಲೆಂಡಿನ ನಿರ್ದೇಶಕ ಟೈಕಾ ವೈಟಿಟಿ ಅವರು ಬ್ಯಾರಿ ಕ್ರಂಪ್ ಅವರ 1986ರ ಕಾದಂಬರಿಯೊಂದನ್ನು ಆಧರಿಸಿ 2016ರಲ್ಲಿ ತೆರೆಗೆ ತಂದ ಈ ಸಾಹಸ ಹಾಸ್ಯಚಿತ್ರದ ಜೀವಾಳ ನಂಬಿಕೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಹಾಕಿಸಿಕೊಂಡೇ ಬೆಳೆದ, ಹೆತ್ತವರ ಆಸರೆಯಿಲ್ಲದ ಹುಡುಗ ರಿಕಿ, ಕೊನೆಯ ಅವಕಾಶವೆಂಬಂತೆ ಕಾಡಂಚಿನ ಬೆಲ್ಲಾ ಮತ್ತು ಹೆಕ್ ದಂಪತಿಯ ಮನೆಗೆ ಬರುತ್ತಾನೆ. ಬಂದ ರಾತ್ರಿಯೇ ಓಡಿಹೋಗುತ್ತಾನೆ; ಬೆಳಗಾದರೂ ಮನೆಯಿಂದ ಬಹುದೂರ ಹೋಗಿರುವುದಿಲ್ಲ. ಅವನನ್ನು ಕಂಡ ಬೆಲ್ಲಾ ಗದರುವುದಿಲ್ಲ, ಕೈ ಹಿಡಿದು ಎಳೆಯುವುದಿಲ್ಲ. ತಿಂಡಿ ತಿಂದು ಆಮೇಲೆ ಬೇಕಾದರೆ ಓಡಿಹೋಗು ಎನ್ನುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯವಿದು. ಹೋಗುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳದವರ ಬಳಿಯಲ್ಲಿಯೇ ಹುಡುಗ ನಿಲ್ಲುತ್ತಾನೆ ಎಂಬುದನ್ನು ಒಂದು ನಗೆಮಾತಿನಲ್ಲಿ ಹೇಳಿ ಮುಗಿಸಿರುವುದು ಬರವಣಿಗೆಯ ಹೆಚ್ಚುಗಾರಿಕೆ.

ಬೆಲ್ಲಾ ಹಠಾತ್ತನೆ ತೀರಿಕೊಂಡ ಮೇಲೆ, ಹುಡುಗನನ್ನು ವಾಪಸ್ಸು ಕರೆದೊಯ್ಯುವುದಾಗಿ ಮಕ್ಕಳ ಕಲ್ಯಾಣ ಇಲಾಖೆಯಿಂದ ಪತ್ರ ಬರುತ್ತದೆ. ರಿಕಿ ಕಾಡು ಸೇರುತ್ತಾನೆ. ಹುಡುಕಿಕೊಂಡು ಹೋದ ಹೆಕ್ ಕಾಲು ಮುರಿದುಕೊಂಡು ಅವನೊಂದಿಗೆ ಅಲ್ಲಿಯೇ ಉಳಿಯಬೇಕಾಗುತ್ತದೆ. ಹೊರಗಿನವರು ಅದನ್ನು ಅಪಹರಣವೆಂದು ಭಾವಿಸುತ್ತಾರೆ. ಸಿಡುಕನಾದ ಹೆಕ್ ಮತ್ತು ಮಾತಿನ ಮಲ್ಲ ರಿಕಿ ಒಬ್ಬರನ್ನೊಬ್ಬರು ನಂಬುವುದು ಯಾವುದೇ ಭಾಷಣದಿಂದಲ್ಲ. ಹೆಕ್‌ಗೆ ಕಾಡು ತಿಳಿದಿದೆ, ಓದು ಬಾರದು; ರಿಕಿಗೆ ಓದು ಬರುತ್ತದೆ, ಕಾಡು ತಿಳಿಯದು. ಹೀಗೆ ಒಬ್ಬರ ಕೊರತೆಗೆ ಇನ್ನೊಬ್ಬರು ಆಸರೆಯಾಗುತ್ತ ಹೋದಂತೆ, ಹೆಕ್ ಪಾತ್ರದ ಸ್ಯಾಮ್ ನೀಲ್ ಅವರ ಮುಖದ ಬಿಗುವು ಕೂದಲೆಳೆಯಷ್ಟೇ ಸಡಿಲಗೊಳ್ಳುವುದನ್ನು ಗಮನಿಸಬೇಕು. ಅವರ ಎದುರಿನಲ್ಲಿ ಬಾಲನಟ ಜೂಲಿಯನ್ ಡೆನಿಸನ್ ಎಲ್ಲಿಯೂ ಮಂಕಾಗುವುದಿಲ್ಲ.

1907ರ ನಂತರ ಖಚಿತವಾಗಿ ಯಾರಿಗೂ ಕಾಣಿಸದ, ಅಳಿದುಹೋಯಿತೆಂದೇ ಪರಿಗಣಿಸಲಾಗಿರುವ ಹುಯಿಯಾ ಹಕ್ಕಿ ಕಾಡಿನಲ್ಲಿ ಇವರಿಬ್ಬರ ಕಣ್ಣಿಗೆ ಬೀಳುವ ಪ್ರಸಂಗವೂ ಇದೇ ಎಳೆಗೆ ಸೇರಿದ್ದು. ಲೋಕವೇ ಒಪ್ಪದ ಮಾತಿಗೆ ಒಬ್ಬನಿಗೆ ಇನ್ನೊಬ್ಬನೇ ಸಾಕ್ಷಿ.

ಚಿತ್ರ ಸೋಲುವುದು ಇಲಾಖೆಯ ಅಧಿಕಾರಿ ಪೌಲಾ ಪಾತ್ರದಲ್ಲಿ. ರೇಚಲ್ ಹೌಸ್ ನಗಿಸುತ್ತಾರೆ, ನಿಜ; ಆದರೆ ಯಾವ ಮಗುವನ್ನೂ ಕೈಬಿಡುವುದಿಲ್ಲವೆಂಬ ಘೋಷಣೆಯನ್ನೇ ಮಂತ್ರದಂತೆ ಜಪಿಸುವ ಆ ಪಾತ್ರವನ್ನು ಇಷ್ಟೊಂದು ಉತ್ಪ್ರೇಕ್ಷಿಸಿದ್ದರಿಂದ, ರಿಕಿಯಂತಹ ಮಕ್ಕಳಿಗೆ ವ್ಯವಸ್ಥೆಯ ಮೇಲೆ ಏಕೆ ನಂಬಿಕೆಯಿಲ್ಲ ಎಂಬ ಗಂಭೀರ ಪ್ರಶ್ನೆ ತೆಳುವಾಗುತ್ತದೆ. ಕೊನೆಯಲ್ಲಿ ಸೇನೆಯ ವಾಹನಗಳೂ ಸೇರಿಕೊಳ್ಳುವ ಬೆನ್ನಟ್ಟುವಿಕೆ ಅಗತ್ಯಕ್ಕಿಂತ ದೀರ್ಘವಾಗಿದೆ. ಇಬ್ಬರ ನಡುವಿನ ಬಿರುಕು ಬಯಲಾಗಬೇಕಾದ ಹೊತ್ತಿನಲ್ಲಿ ಗದ್ದಲವೇ ಮುಂದಾಗುತ್ತದೆ.

ಕಾಡುಹಂದಿಯ ಬೇಟೆಯಲ್ಲಿ ರಕ್ತ ಕಾಣಿಸುವುದರಿಂದಲೂ, ಸಾಕುನಾಯಿಯ ಸಾವು ಮನಸ್ಸನ್ನು ಕಲಕುವುದರಿಂದಲೂ ತೀರ ಚಿಕ್ಕ ಮಕ್ಕಳಿಗೆ ಇದನ್ನು ತೋರಿಸಲಾರೆ. ಹನ್ನೆರಡು ದಾಟಿದ ಮಕ್ಕಳಿರುವ ಮನೆಗಳಲ್ಲಿ ಹಿರಿಯರೂ ಜೊತೆಗೆ ಕುಳಿತು ನೋಡಬೇಕಾದ ಚಿತ್ರವೆಂದು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.