ಪದದ ಬೇರನ್ನು ತೋರಿಸುವ ತಾಣ: ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ

ಇಂಗ್ಲಿಷಿನ ‘ಮಸಲ್’ ಪದದ ನಡುವೆ, ಉಚ್ಚಾರಣೆಯಲ್ಲಿ ಎಲ್ಲಿಯೂ ಕೇಳಿಸದ ‘ಸಿ’ ಅಕ್ಷರ ಏಕಿದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತ್ತು. ಕೈಗೆ ಸಿಕ್ಕ ನಿಘಂಟುಗಳು ‘ಸ್ನಾಯು’ ಎಂದು ಅರ್ಥ ಕೊಟ್ಟು ಸುಮ್ಮನಾಗುತ್ತಿದ್ದವು. ಉತ್ತರ ದೊರೆತದ್ದು ಡಗ್ಲಸ್ ಹಾರ್ಪರ್ ಅವರು ರೂಪಿಸಿದ, ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಈ ತಾಣದಲ್ಲಿ. ಲ್ಯಾಟಿನ್ನಿನ ‘ಮುಸ್ಕುಲುಸ್’ ಎಂದರೆ ಪುಟ್ಟ ಇಲಿ. ತೋಳನ್ನು ಮಡಚಿದಾಗ ಚರ್ಮದಡಿ ಉಬ್ಬಿ ಸರಿದಾಡುವ ಸ್ನಾಯು ಹಿಂದಿನವರ ಕಣ್ಣಿಗೆ ಇಲಿಯಂತೆಯೇ ಕಂಡಿರಬೇಕು. ಆ ಲ್ಯಾಟಿನ್ ರೂಪದ ಕುರುಹಾಗಿಯೇ ‘ಸಿ’ ಬರವಣಿಗೆಯಲ್ಲಿ ಉಳಿದಿದೆ; ‘ಮಸ್ಕ್ಯುಲರ್’ ಎಂದಾಗ ಅದು ಮತ್ತೆ ಕಿವಿಗೆ ಬೀಳುತ್ತದೆ. ಗ್ರೀಕ್ ಭಾಷೆಯಲ್ಲಿಯೂ ಇಲಿಗೂ ಸ್ನಾಯುವಿಗೂ ಒಂದೇ ಪದವಿತ್ತು. ಅಲ್ಲಿಂದ ‘ಮೌಸ್’ ಪದದ ಪುಟಕ್ಕೆ ಹೋದರೆ ಅದೇ ಮೂಲದ ಸಂಸ್ಕೃತ ರೂಪವೂ ಎದುರಾಗುತ್ತದೆ. ನಾವು ಬಳಸುವ ‘ಮೂಷಿಕ’ವೂ ಆ ಕುಲಕ್ಕೇ ಸೇರಿದ್ದೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ಆ ಪದದ ಕಾಗುಣಿತವನ್ನು ನಾನು ತಪ್ಪಿಲ್ಲ.

ಅರ್ಥ ಕಾಲಕಾಲಕ್ಕೆ ಹೊರಳುವ ಬಗೆಯನ್ನೂ ಇಲ್ಲಿ ಚೆನ್ನಾಗಿ ವಿವರಿಸಲಾಗಿದೆ. ಇಂದು ಮೆಚ್ಚುಗೆಯ ಮಾತಾಗಿರುವ ‘ನೈಸ್’, ‘ಅರಿಯದವನು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಅದಕ್ಕೆ ‘ಮೂರ್ಖ’ ಎಂಬ ಅರ್ಥವಿತ್ತು. ಅರಿವನ್ನು ಸೂಚಿಸುವ ಆ ಲ್ಯಾಟಿನ್ ಧಾತುವೇ ‘ಸೈನ್ಸ್’ ಪದದಲ್ಲಿಯೂ ಇದೆ.

ತಾಣದ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಪದದ ಪಕ್ಕದಲ್ಲಿ ಕೊಟ್ಟಿರುವ ಇಸವಿ ಅದು ಹುಟ್ಟಿದ ವರ್ಷವಲ್ಲ, ಉಳಿದು ಬಂದಿರುವ ಬರಹಗಳಲ್ಲಿ ಅದು ಮೊದಲು ಕಾಣಿಸಿಕೊಂಡ ಕಾಲ ಎಂಬುದನ್ನು ತಾಣವೇ ಸ್ಪಷ್ಟಪಡಿಸುತ್ತದೆ. ಬರಹದಲ್ಲಿ ಎಲ್ಲಿಯೂ ದೊರೆಯದೆ, ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಊಹಿಸಿ ಕಟ್ಟಿದ ಮೂಲರೂಪಗಳಿಗೆ ನಕ್ಷತ್ರ ಚಿಹ್ನೆ ಇರುತ್ತದೆ. ಊಹೆ ಯಾವುದು, ದಾಖಲೆ ಯಾವುದು ಎಂಬ ಈ ವಿವೇಕ, ಪದಗಳ ಹುಟ್ಟಿನ ಬಗ್ಗೆ ಹರಿದಾಡುವ ರಂಜಕ ಕಥೆಗಳಲ್ಲಿ ಸಿಗುವುದಿಲ್ಲ.

ಆದರೆ ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು. ಪದವನ್ನು ವಾಕ್ಯದಲ್ಲಿ ಹೇಗೆ ಬಳಸಬೇಕು, ಹೇಗೆ ಉಚ್ಚರಿಸಬೇಕು ಎಂಬುದನ್ನು ಕಲಿಸುವುದು ಇದರ ಉದ್ದೇಶವಲ್ಲ. ಅದಕ್ಕೆ ಸಾಮಾನ್ಯ ನಿಘಂಟೇ ಬೇಕು. ವಿವರಣೆಗಳು ಅಡಕವಾಗಿರುವುದರಿಂದ ಮೊದಮೊದಲು ನಿಧಾನವಾಗಿ ಓದಬೇಕಾಗುತ್ತದೆ. ಮೊದಲು ನಿಘಂಟಿನಲ್ಲಿ ಇಂದಿನ ಅರ್ಥವನ್ನು ಖಚಿತಪಡಿಸಿಕೊಂಡು, ಆಮೇಲೆ ಇಲ್ಲಿಗೆ ಬಂದು ಬೇರನ್ನು ನೋಡಿ, ಅದೇ ಬೇರಿನ ಇನ್ನೆರಡು ಪದಗಳನ್ನು ಜೊತೆಗೆ ಬರೆದಿಟ್ಟುಕೊಳ್ಳುವುದು ನಾನು ಅನುಸರಿಸುತ್ತಿರುವ ಕ್ರಮ.